ಸಪ್ಪೆ ಅಳಿಯನ ಖಾರದ ಕೃಷಿ

ಬ್ಯಾಡಗಿ ಸೀಮೆಯಿಂದ ಹೆಣ್ಣು ತಂದುಕೊಂಡ ಶಿರಸಿ ಕಡೆಯವನ ಪಾಡು ತಿಳಿಯಬೇಕಾದರೆ ಅವನನ್ನು ಮಾವನ ಮನೆಯ ಪಂಕ್ತಿಯಲ್ಲಿ ನೋಡಬೇಕು. ನಾನು ತಂಬುಳಿ ಉಂಡು ಬೆಳೆದವನು. ನಮ್ಮಲ್ಲಿ ಒಂದೆಲಗದ ತಂಬುಳಿಗೆ ನಾಲ್ಕು ಕಾಳುಮೆಣಸು ಹೆಚ್ಚು ಬಿದ್ದರೆ ಅವತ್ತು ಮನೆಮಂದಿಯೆಲ್ಲ 'ಖಾರ ಜೋರಾಯ್ತು' ಎಂದು ಮಜ್ಜಿಗೆ ಹಾಕಿಸಿಕೊಳ್ಳುತ್ತಾರೆ. ಮದುವೆಯಾದ ಹೊಸತರಲ್ಲಿ ಹೆಂಡತಿಯ ತವರಿನಲ್ಲಿ ಎಲೆಯ ತುದಿಗೆ ಬಡಿಸಿದ ಕೆಂಪನೆಯ ಮುದ್ದೆಯನ್ನು ನಾನು ಏನೋ ಸಿಹಿ ಇರಬೇಕೆಂದುಕೊಂಡು ಎರಡು ಬೆರಳಲ್ಲಿ ತೆಗೆದು ಬಾಯಿಗಿಟ್ಟೆ. ಅದು ರಂಜಕ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದ ಆ ಪದಾರ್ಥವನ್ನು ಅಲ್ಲಿಯ ಮಕ್ಕಳು ರೊಟ್ಟಿಗೆ ಸವರಿಕೊಂಡು ತಿನ್ನುತ್ತಾ ಶಾಲೆಗೆ ಓಡುತ್ತವೆ. ನಾನು ಓಡಿದ್ದು ಹಿತ್ತಲ ನೀರಿನ ತೊಟ್ಟಿಯ ಕಡೆಗೆ.

ಅಂದಿನಿಂದ ಆ ಮನೆಯಲ್ಲಿ ನಾನು ಸಪ್ಪನ ಅಳಿಯ. ಎದುರಿಗೆ ಯಾರೂ ಹೇಳುವುದಿಲ್ಲ, ಮರ್ಯಾದಸ್ಥ ಜನ. ಆದರೆ ನಾನು ಊಟಕ್ಕೆ ಕೂತರೆ ಸಾಕು, "ಅಳಿಯಾರ ಸಾರು ಬ್ಯಾರೆ ತೆಗದಿಟ್ಟಿಯೇನ?" ಎಂದು ಅತ್ತೆಯವರು ಅಡುಗೆಮನೆಯಲ್ಲಿ ಕೇಳುವ ದನಿ ಪಡಸಾಲೆ ದಾಟಿ ಬೀದಿಗೆ ಬೀಳುತ್ತದೆ. ಆಮೇಲೆ ದೊಡ್ಡದೊಂದು ಬೋಗುಣಿಯಲ್ಲಿ ಪ್ರತ್ಯೇಕ ಸಾರು ಬರುತ್ತದೆ. ನಾದಿನಿಯ ಸಣ್ಣ ಮಗ ನನ್ನ ಎಲೆಗೆ ತುಪ್ಪ ಬಡಿಸಿ, ಬೆನ್ನು ಸವರಿ ಹೋಗುತ್ತಾನೆ.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ ವಿಷಯ ಗೊತ್ತಾದದ್ದು ಆಮೇಲೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕೆ ಹೆಸರಾದದ್ದೇ ಅಲ್ಲವಂತೆ! 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಹೆಚ್ಚುಗಾರಿಕೆ ಇರುವುದು ಬಣ್ಣದಲ್ಲಿ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಎರಡರಲ್ಲೂ ಖಾರ ಸೌಮ್ಯ, ಕೆಂಪು ಮಾತ್ರ ಭರ್ತಿ. ಅದರಿಂದ ಓಲಿಯೋರೆಸಿನ್ ಎಂಬ ಸಾರ ತೆಗೆದು ತಿಂಡಿತಿನಿಸಿಗೆ ಬಣ್ಣ ಕಟ್ಟುತ್ತಾರೆ, ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಅಂದರೆ ಹೆಂಗಸರು ತುಟಿಗೆ ಹಚ್ಚಿಕೊಂಡು ಮದುವೆಮನೆಯಲ್ಲಿ ಓಡಾಡುವ ಸರಕಿಗೆ ನಾನು ಹಿತ್ತಲವರೆಗೆ ಓಡಿದ್ದೆ.

ಹೀಗಿರುವಾಗ ನಮ್ಮ ಆಫೀಸಿನಲ್ಲಿರುವ ಅಸ್ಸಾಮಿನ ಜೋರ್ಹಾಟ್ ಹುಡುಗ ಊರಿಂದ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಒಣಗಿದ ಭೂತ್ ಜೊಲೊಕಿಯಾ ತಂದುಕೊಟ್ಟ. ಹೆಬ್ಬೆರಳ ಉದ್ದದ, ಮೈಯೆಲ್ಲ ಗಂಟುಗಂಟಾದ, ನೋಡಲು ಯಾವ ಲಕ್ಷಣವೂ ಇಲ್ಲದ ಕಾಯಿ. 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿಯೆಂದು ಗಿನ್ನೆಸ್ ದಾಖಲೆ ಸೇರಿದ್ದು ಇದೇ. ಹತ್ತು ಲಕ್ಷ ದಾಟಿದ ಸ್ಕೋವಿಲ್. ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ 1912ರಲ್ಲಿ ಖಾರ ಅಳೆಯಲು ಹೂಡಿದ ಉಪಾಯ ಅದು: ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಲ್ಲಿ ತೆಳು ಮಾಡುತ್ತಾ ಐದು ಜನರಿಗೆ ರುಚಿ ತೋರಿಸುವುದು, ಖಾರ ಗೊತ್ತಾಗದ ಹದಕ್ಕೆ ಬಂದಾಗ ಎಷ್ಟು ಪಟ್ಟು ತೆಳುವಾಯಿತೆಂದು ಲೆಕ್ಕ ಹಾಕುವುದು. ಆ ಐವರಲ್ಲಿ ಶಿರಸಿಯವನೊಬ್ಬನಿದ್ದಿದ್ದರೆ ಜಗತ್ತಿನ ಎಲ್ಲ ಅಂಕಿಗಳೂ ಇವತ್ತು ದುಪ್ಪಟ್ಟಾಗಿರುತ್ತಿದ್ದವು.

ಜೊಲೊಕಿಯಾವನ್ನು ಆಮೇಲೆ ಬೇರೆಯವು ಹಿಂದೆ ಹಾಕಿವೆ ನಿಜ. 2013ರಲ್ಲಿ ಕೆರೊಲಿನಾ ರೀಪರ್ ಬಂತು, 2023ರಲ್ಲಿ ಇಪ್ಪತ್ತಾರು ಲಕ್ಷ ಮೀರಿದ ಪೆಪ್ಪರ್ ಎಕ್ಸ್ ಬಂತು. ಆದರೆ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಕೈಬಾಂಬಿಗೆ ತುಂಬಲು ಆರಿಸಿಕೊಂಡದ್ದು ಜೊಲೊಕಿಯಾವನ್ನೇ. ಅಸ್ಸಾಮಿನಲ್ಲಿ ಇದನ್ನು ಅರೆದು ಹೊಲದ ಸುತ್ತಲಿನ ಹಗ್ಗಕ್ಕೆ ಬಳಿದು ಆನೆಗಳನ್ನು ದೂರ ಇಡುತ್ತಾರೆ. ಆನೆ ಹೆದರುವ ಕಾಯಿಯ ಮುಂದೆ ನಮ್ಮ ಮಾವನವರು ಎಷ್ಟರವರು? ತಿನ್ನಲು ನನ್ನಿಂದಾಗದಿದ್ದರೂ ಬೆಳೆಯಬಹುದಲ್ಲ. ಸಪ್ಪನ ಅಳಿಯ ಬೆಳೆದ ಕಾಯಿಯನ್ನು ಬ್ಯಾಡಗಿಯ ಸಾಹುಕಾರರು ಕಚ್ಚಿ ಕಣ್ಣೀರು ಹಾಕುವ ದೃಶ್ಯವನ್ನು ಕಣ್ಮುಂದೆ ತಂದುಕೊಂಡು, ಡಿಸೆಂಬರಿನ ಒಂದು ಭಾನುವಾರ ಕಾಯಿ ಸೀಳಿ ಬೀಜ ತೆಗೆಯಲು ಕೂತೆ.

ಬರಿಗೈಯಲ್ಲಿ ಕೂತೆ ಎಂಬುದನ್ನು ಇಲ್ಲಿ ಹೇಳಬೇಕು.

ಖಾರ ಇರುವುದು ಬೀಜದಲ್ಲಿ ಎಂದು ಎಲ್ಲರೂ ತಿಳಿದಿರುತ್ತಾರೆ. ನಿಜವಾಗಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಖಾರ ಕೊಡುವ ಕ್ಯಾಪ್ಸೈಸಿನ್ ತಯಾರಾಗುವುದೇ ಅಲ್ಲಿ. ಬೀಜಕ್ಕೆ ಅದರ ಸಹವಾಸದಿಂದ ಬಂದ ಖಾರವಷ್ಟೆ. ನಾನು ಆ ತಿರುಳನ್ನು ಉಗುರಿನಿಂದ ಕೆರೆದು ಕೆರೆದು, ಒಂದು ಬೀಜವೂ ಹಾಳಾಗದ ಹಾಗೆ ಬಿಡಿಸಿ, ಕೈಯನ್ನು ನೀರಲ್ಲಿ ತೊಳೆದುಕೊಂಡೆ. ಆಮೇಲೆ ಎಡಗಣ್ಣಲ್ಲಿ ಏನೋ ಕಸ ಬಿದ್ದ ಹಾಗಾಯಿತು. ಉಜ್ಜಿದೆ.

ಕ್ಯಾಪ್ಸೈಸಿನ್ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ, ಹಾಲಿನ ಕೇಸಿನ್ ಅದನ್ನು ಹಿಡಿದು ತೆಗೆಯುತ್ತದೆ. ಇದೆಲ್ಲ ನನಗೆ ಅವತ್ತು ಸಂಜೆ ಒಂದೇ ಕಣ್ಣಿನಿಂದ ಓದಿ ಗೊತ್ತಾಯಿತು. ಅಷ್ಟು ಹೊತ್ತಿಗೆ ನಾನು ಅರ್ಧ ಬಕೆಟ್ ನೀರು ಹೊಡೆದುಕೊಂಡು ಕಣ್ಣಿನದನ್ನು ಮುಖಕ್ಕೆಲ್ಲ ಹರಡಿಕೊಂಡಾಗಿತ್ತು. ಹೆಂಡತಿ ಕೈಗೆ ಕೊಬ್ಬರಿ ಎಣ್ಣೆ ಸುರಿದು ಸೋಪು ಹಚ್ಚಿಸಿ, "ಇನ್ನ ಎಲ್ಲೂ ಮುಟ್ಟಬ್ಯಾಡ್ರಿ" ಎಂದಳು. ಎಚ್ಚರಿಕೆ ತಡವಾಗಿ ಬಂತು. ನಡುವೆ ನಾನೊಮ್ಮೆ ಬಚ್ಚಲಿಗೆ ಹೋಗಿಬಂದಿದ್ದೆ. ಅಲ್ಲಿಯ ವೃತ್ತಾಂತವನ್ನು, ಈ ಪತ್ರಿಕೆಯನ್ನು ಮನೆಮಂದಿಯೆಲ್ಲ ಓದುವುದರಿಂದ, ಬರೆಯುತ್ತಿಲ್ಲ. ಮೊಸರು ಬರೀ ಊಟಕ್ಕೆ ಮಾತ್ರವಲ್ಲ ಎಂದಷ್ಟೇ ಹೇಳಬಲ್ಲೆ.

ನಮ್ಮ ನರಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವೊಂದಿದೆ. ಸುಮಾರು 43 ಡಿಗ್ರಿ ದಾಟಿದ ಬಿಸಿ ತಗುಲಿದರೆ 'ಸುಡುತ್ತಿದೆ' ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಕ್ಯಾಪ್ಸೈಸಿನ್ ಹೋಗಿ ಅದೇ ಬಾಗಿಲು ತಟ್ಟುತ್ತದೆ. ಏನೂ ಸುಟ್ಟಿರುವುದಿಲ್ಲ, ಸುಟ್ಟಿತೆಂಬ ಸುಳ್ಳು ವರದಿ ಮಾತ್ರ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಸುಳ್ಳು ವರದಿ ಎಂಬುದನ್ನು ನಾನು ನನ್ನ ಶರೀರಕ್ಕೆ ಬಗೆಬಗೆಯಾಗಿ ಹೇಳಿ ನೋಡಿದೆ. ಅದು ನಂಬಲಿಲ್ಲ.

ರಾತ್ರಿ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದಾಗ ನನ್ನ ಸಿಟ್ಟೆಲ್ಲ ತಿರುಗಿದ್ದು ಪೋರ್ಚುಗೀಸರ ಮೇಲೆ. ಹದಿನಾರನೇ ಶತಮಾನದಲ್ಲಿ ಅವರು ನಮ್ಮ ಕಡೆಗೆ ಸುಳಿದಾಡುತ್ತಿದ್ದದ್ದು ಕಾಳುಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕರೆಯುತ್ತಿದ್ದುದೇ ಮೆಣಸಿನ ರಾಣಿ ಎಂದು. ನಮ್ಮಿಂದ ಕಾಳುಮೆಣಸು ಒಯ್ದರು, ಅಮೆರಿಕ ಖಂಡದ ಮೆಣಸಿನಕಾಯಿಯನ್ನು ತಂದು ಈ ದೇಶಕ್ಕೆ ಬಿಟ್ಟರು. ಶಿರಸಿಯ ಒಳ್ಳೆಯ ಪದಾರ್ಥ ಹಡಗು ಹತ್ತಿ ಹೋಯಿತು, ಬದಲಿಗೆ ಬಂದದ್ದು ಐನೂರು ವರ್ಷ ಬಿಟ್ಟು ನನ್ನ ಕಣ್ಣಿಗೆ ಬಿತ್ತು.

ಬೀಜ ಮೊಳೆಸುವುದು ದೊಡ್ಡ ಕೆಲಸವೆಂದು ನಾನು ಎಣಿಸಿರಲಿಲ್ಲ. ಊರ ಮೆಣಸಿನಕಾಯಿ ಬೀಜ ಒಂದೆರಡು ವಾರದಲ್ಲಿ ತಲೆಯೆತ್ತುತ್ತದೆ. ಜೊಲೊಕಿಯಾಕ್ಕೆ ಅವಸರವಿಲ್ಲ, ತಿಂಗಳಾದರೂ ಹಿಡಿಯಬಹುದು. ಅದಕ್ಕೆ ಸದಾ ಇಪ್ಪತ್ತೈದರಿಂದ ಮೂವತ್ತು ಡಿಗ್ರಿ ಬೆಚ್ಚಗಿರಬೇಕು. ಬೆಂಗಳೂರಿನ ಡಿಸೆಂಬರಿನಲ್ಲಿ ನನಗೇ ಅಷ್ಟು ಬೆಚ್ಚಗಿರಲಿಲ್ಲ. ಒದ್ದೆ ಟಿಶ್ಯೂ ಪೇಪರಿನಲ್ಲಿ ಬೀಜ ಸುತ್ತಿ, ಸ್ವೀಟ್ ಡಬ್ಬಿಯಲ್ಲಿ ಹಾಕಿ, ಮನೆಯಲ್ಲಿ ಬೆಚ್ಚಗಿನ ಜಾಗ ಎಲ್ಲಿದೆ ಎಂದು ಕೈಯಿಟ್ಟು ಹುಡುಕುತ್ತಾ ಹೋದೆ. ಟಿವಿಯ ಸೆಟ್‌ಟಾಪ್ ಬಾಕ್ಸಿನ ನೆತ್ತಿ ಹದವಾಗಿ ಬಿಸಿಯಾಗಿತ್ತು. ಡಬ್ಬಿಯನ್ನು ಅದರ ಮೇಲೆ ಪ್ರತಿಷ್ಠಾಪಿಸಿದೆ. ಬಿಸಿ ಆರಬಾರದೆಂದು ಯಾರೂ ನೋಡದಿದ್ದರೂ ಟಿವಿ ಹಚ್ಚಿಯೇ ಇಟ್ಟೆ. ಬೀಜಗಳು ಹಗಲೆಲ್ಲ ಧಾರಾವಾಹಿ, ರಾತ್ರಿ ಚರ್ಚೆ ಕೇಳಿಕೊಂಡು ಇದ್ದವು.

ಟಿಶ್ಯೂ ಒಣಗದಿರಲೆಂದು ನಾನು ದಿನಾ ನೀರು ಚಿಮುಕಿಸುತ್ತಿದ್ದೆ. ಸ್ವೀಟ್ ಡಬ್ಬಿ ರಟ್ಟಿನದು. ಹೆಂಡತಿ ಕಾದು ಕೂತಿದ್ದ ಧಾರಾವಾಹಿಯಲ್ಲಿ, ಸತ್ತಿದ್ದಾನೆಂದು ಎಲ್ಲರೂ ನಂಬಿದ್ದ ಮೊದಲ ಗಂಡ ಮದುವೆ ಮಂಟಪದ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಸೆಟ್‌ಟಾಪ್ ಬಾಕ್ಸ್ ಒಳಗಿನಿಂದ 'ಚಟ್' ಎಂಬ ಸದ್ದು ಬಂತು. ಪರದೆ ಕಪ್ಪಾಯಿತು. ಮೊದಲ ಗಂಡನ ಕಥೆ ಏನಾಯಿತೋ ಗೊತ್ತಿಲ್ಲ, ಈ ಮನೆಯ ಗಂಡನಿಗೆ ಅವತ್ತು ರಾತ್ರಿ ಚಿತ್ರಾನ್ನ. ಅದರಲ್ಲಿ ಹಸಿಮೆಣಸಿನಕಾಯಿ ಎಂದಿಗಿಂತ ಜಾಸ್ತಿ ಇತ್ತು.

ಆದರೆ ಒಂದು ಮಾತು. ಡಬ್ಬಿ ತೆರೆದು ನೋಡಿದರೆ ಕೆಲವು ಬೀಜಗಳು ಬಿಳಿ ಬಾಲ ಬಿಟ್ಟಿದ್ದವು. ನಾನು ಕುಣಿದಾಡಿದೆ. ಆ ಮನೆಯಲ್ಲಿ ಅಂಥ ಹೊತ್ತಿನಲ್ಲಿ ಕುಣಿಯಬಾರದಿತ್ತು.

ಮೊಳಕೆಗಳನ್ನು ಕಾಗದದ ಲೋಟಗಳಲ್ಲಿ ಕೋಕೋಪೀಟಿಗೆ ಇಳಿಸಿ, ತಾರಸಿಯ ಸ್ಟೋರ್ ರೂಮಿನಲ್ಲಿ ಸಾಲಾಗಿ ಜೋಡಿಸಿದೆ. ಬೆಳಿಗ್ಗೆ ನೀರು, ಆಫೀಸಿಗೆ ಹೊರಡುವಾಗ ಒಂದಿಷ್ಟು, ಬಂದಮೇಲೆ ಇನ್ನೊಂದಿಷ್ಟು, ಮಲಗುವ ಮೊದಲು ಬಾಯಾರಿದೆಯೋ ಏನೋ ಎಂದು ಮತ್ತೆ. ಎರಡೆಲೆ ಬಿಟ್ಟು ನೆಟ್ಟಗೆ ನಿಂತಿದ್ದ ಸಸಿಗಳು ಒಂದು ಮುಂಜಾನೆ ನೋಡಿದರೆ ಎಲ್ಲವೂ ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿದ್ದವು. ಎಲೆ ಹಸಿರಾಗಿಯೇ ಇತ್ತು, ಮಣ್ಣು ಮುಟ್ಟುವ ಕಡೆ ಮಾತ್ರ ಕಾಂಡ ದಾರದಷ್ಟು ಸಣಕಲಾಗಿ ಕಂದಿಹೋಗಿತ್ತು. ಸದಾ ಒದ್ದೆಯಾದ ಬುಡಕ್ಕೆ ಶಿಲೀಂಧ್ರ ಹತ್ತಿ ಹೀಗಾಗುತ್ತದೆ. ಮಣ್ಣಿನ ಮೇಲ್ಪದರ ಒಣಗುವ ತನಕ ನೀರು ಮುಟ್ಟಿಸಬಾರದು ಎಂದು ಹತ್ತು ವರ್ಷದ ಮಗುವೂ ಓದುವ ಪರಿಸರ ಪಾಠದಲ್ಲಿ ಇದೆಯೋ ಇಲ್ಲವೋ, ಇರಬೇಕು. ನೀರು ಸಿಗದೆ ಸಾಯುವ ಗಿಡಗಳ ಬಗ್ಗೆ ಮರುಕಪಡುವವರು ಬಹಳ, ಪ್ರೀತಿ ಉಕ್ಕಿ ಮುಳುಗಿ ಸತ್ತವಕ್ಕೆ ಅಳುವವರಿಲ್ಲ.

ಒಂದು ಸಸಿ ಉಳಿಯಿತು. ಅದು ಉಳಿದದ್ದಕ್ಕೆ ಕಾರಣ ಅದರ ಲೋಟ ಮೂಲೆಯಲ್ಲಿದ್ದು ನನ್ನ ಕಣ್ಣಿಗೆ ಬೀಳದೆ ಹೋದದ್ದು.

ಈ ಏಕಮಾತ್ರ ಸಂತಾನಕ್ಕೆ ಬಿಸಿಲು ಸಾಲದೆಂದು ನಾನು ಗಿಡ ಬೆಳೆಸುವ ಎಲ್‌ಇಡಿ ದೀಪ ತರಿಸಿದೆ. ಕೆಂಪೂ ನೀಲಿಯೂ ಸೇರಿ ನೇರಳೆ ಬಣ್ಣದಲ್ಲಿ ಉರಿಯುವ ದೀಪ. ದಿನಕ್ಕೆ ಹದಿನಾಲ್ಕು ಗಂಟೆ ಉರಿಯಲೆಂದು ರಾತ್ರಿ ಹನ್ನೊಂದರವರೆಗೂ ಹಚ್ಚಿಡುತ್ತಿದ್ದೆ. ಸ್ಟೋರ್ ರೂಮಿನ ಕಿಟಕಿಯಿಂದ, ಬಾಗಿಲ ಸಂದಿಯಿಂದ ಆ ನೇರಳೆ ಬೆಳಕು ಹೊರಗೆ ಸೋರಿ ಎದುರು ಮನೆಯ ಗೋಡೆಯ ತನಕ ಹೋಗುತ್ತಿತ್ತು. ನಾನು ಟಾರ್ಚು ಹಿಡಿದು ರಾತ್ರಿ ಮೇಲೆ ಹತ್ತುವುದು, ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಳ್ಳುವುದು, ಅರ್ಧ ಗಂಟೆ ಬಿಟ್ಟು ನಗುತ್ತಾ ಹೊರಬರುವುದು ಬೀದಿಗೆಲ್ಲ ಕಾಣುತ್ತಿತ್ತೆಂದು ನನಗೆ ಹೊಳೆಯಲಿಲ್ಲ.

ಕೆಳಗಿನ ಮನೆಯ ಓನರ್ ನಿವೃತ್ತ ಹೆಡ್‌ಮಾಸ್ಟರು. ಒಂದು ಸಂಜೆ ನನ್ನನ್ನು ಗೇಟಿನ ಬಳಿ ನಿಲ್ಲಿಸಿಕೊಂಡು, ಅತ್ತಿತ್ತ ನೋಡಿ, ದನಿ ಇಳಿಸಿದರು.

"ಸಾರ್, ನೀವು ಒಳ್ಳೆಯವರು. ಒಂದು ತಿಂಗಳೂ ಬಾಡಿಗೆ ಐದನೇ ತಾರೀಕು ದಾಟಿಸಿಲ್ಲ. ಅದಕ್ಕೇ ನೇರವಾಗಿ ಕೇಳ್ತಿದೀನಿ. ಮೇಲೆ ಏನು ಬೆಳೀತಿದ್ದೀರ?"

"ಮೆಣಸಿನಕಾಯಿ ಸಾರ್."

"ಎಲ್ರೂ ಮೊದಲು ಹಾಗೇ ಹೇಳೋದು. ನಾನೂ ಪೇಪರ್ ಓದ್ತೀನಿ."

ಕರೆದುಕೊಂಡು ಹೋಗಿ ತೋರಿಸಿದೆ. ನೇರಳೆ ಬೆಳಕಿನಲ್ಲಿ ನಮ್ಮಿಬ್ಬರ ಮುಖವೂ ನಾಟಕದ ರಾಕ್ಷಸರದಾಗಿತ್ತು. ಅವರು ಕನ್ನಡಕ ಏರಿಸಿ, ಬಗ್ಗಿ, ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರು. ಇನ್ನೊಮ್ಮೆ ಮೂಸಿದರು. ಮೊದಲು ನೆಮ್ಮದಿ, ಆಮೇಲೆ ಮರುಕ ಅವರ ಮುಖದ ಮೇಲೆ ಒಂದರ ಹಿಂದೊಂದು ಬಂದವು.

"ಇದಕ್ಕೆ ಇಷ್ಟೆಲ್ಲಾನಾ ಸಾರ್? ಕೊತ್ತಂಬರಿ ತಗೊಂಡ್ರೆ ಗಾಡಿಯವನು ನಾಲ್ಕು ಸುಮ್ನೆ ಹಾಕ್ತಾನಲ್ಲ!"

ಗಾಂಜಾ ಎಂದುಕೊಂಡಿದ್ದಾಗ ಅವರಿಗೆ ನನ್ನ ಮೇಲೆ ಇದ್ದ ಒಂದು ಬಗೆಯ ಭಯಭಕ್ತಿ ಅವತ್ತಿಗೆ ಕೊನೆಯಾಯಿತು.

ಸಸಿ ದೊಡ್ಡದಾಗಿ ಕುಂಡಕ್ಕೆ ಬಂತು. ಅದಕ್ಕೆ ಬಲ ಬರಲೆಂದು ಶೇಂಗಾ ಹಿಂಡಿಯನ್ನು ಬಕೆಟ್ಟಿನಲ್ಲಿ ನೆನೆಸಿಟ್ಟೆ. ಎರಡು ಮೂರು ದಿನ ಸಾಕು ಎಂದು ಬಲ್ಲವರು ಹೇಳುತ್ತಾರೆ. ಚೆನ್ನಾಗಿ ಕಳಿಯಲಿ ಎಂದು ನಾನು ವಾರ ಬಿಟ್ಟೆ. ಓನರ್ ಮನೆಯವರು ಇಲಿ ಸತ್ತಿದೆಯೆಂದು ಮೊದಲು ಸೋಫಾ ಸರಿಸಿದರು, ಆಮೇಲೆ ಬೀರು ಸರಿಸಿದರು, ಕಡೆಗೆ ಸಂಪಿನ ಮುಚ್ಚಳ ತೆಗೆಸಿದರು. ನಾನೂ ಹೋಗಿ ಬೀರುವಿಗೆ ಕೈಕೊಟ್ಟೆ. ಮೂಲ ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಆ ಬಕೆಟ್ಟನ್ನು ಅಷ್ಟೂ ಗಿಡಕ್ಕೆ ಸುರಿದ ಫಲವಾಗಿ ಎಲೆ ಅಂಗೈಯಗಲವಾಯಿತು, ಗಿಡ ನನ್ನ ಸೊಂಟ ಮುಟ್ಟಿತು, ಹೂವು ಮಾತ್ರ ಒಂದೂ ಇಲ್ಲ. ಸಾರಜನಕ ಹೆಚ್ಚಾದರೆ ಮೆಣಸಿನ ಗಿಡ ಎಲೆಯಲ್ಲೇ ಸುಖವಾಗಿರುತ್ತದಂತೆ, ಕಾಯಿ ಕಟ್ಟುವ ಯೋಚನೆಯನ್ನೇ ಮಾಡುವುದಿಲ್ಲವಂತೆ.

ಹೂವು ಬರುವ ಮೊದಲು ಬಂದದ್ದು ಎಲೆ ಮುಟುರು ರೋಗ. ತುದಿಯ ಎಲೆಗಳು ಸುರುಟಿಕೊಂಡವು. ಎಲೆ ಮೇಲ್ಮುಖವಾಗಿ ದೋಣಿಯಾದರೆ ಥ್ರಿಪ್ಸ್, ಕೆಳಮುಖವಾಗಿ ಮಗುಚಿದರೆ ಮೈಟ್ ನುಸಿ ಎಂದು ಗುರುತು ಹಿಡಿಯಬೇಕು. ನನ್ನ ಗಿಡದಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿದರೆ ಧೂಳಿನ ಕಣದಷ್ಟು ಹುಳುಗಳು ಹಾಳೆಯ ಮೇಲೆ ನಡೆದಾಡಿದವು. ಮಾವನವರಿಗೆ ಫೋನು ಮಾಡಿ ಕೇಳಿದರೆ ಹತ್ತು ನಿಮಿಷದಲ್ಲಿ ಮದ್ದು ಹೇಳುತ್ತಿದ್ದರು. ನಲವತ್ತು ವರ್ಷ ಮೆಣಸಿನಕಾಯಿ ಬೆಳೆದು ಬ್ಯಾಡಗಿ ಮಾರುಕಟ್ಟೆಗೆ ಚೀಲ ಹಾಕಿದವರು ಅವರು. ಆದರೆ ಶತ್ರುವಿನ ಸಲಹೆಯಿಂದ ಗೆದ್ದರೆ ಅದೆಂಥ ಗೆಲುವು?

ಹುಳಿ ಮಜ್ಜಿಗೆ ಹೊಡೆದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದೆ. ಕಡೆಗೆ ಸಾವಯವ ಕೃಷಿಯ ಪುಸ್ತಕವೊಂದರಲ್ಲಿ ರಾಮಬಾಣ ಸಿಕ್ಕಿತು: ಬೆಳ್ಳುಳ್ಳಿ, ಬೇವಿನ ಸೊಪ್ಪು, ಖಾರದ ಹಸಿಮೆಣಸಿನಕಾಯಿ ಅರೆದು ತೆಗೆದ ಕಷಾಯ. ಮೆಣಸಿನ ಗಿಡ ಉಳಿಸಿಕೊಳ್ಳಲು ಅಂಗಡಿಯಿಂದ ಕಾಲು ಕಿಲೋ ಮೆಣಸಿನಕಾಯಿ ಕೊಂಡು ತಂದೆ. ಗಿಡ ಒಂದೂ ಕಾಯಿ ಬಿಟ್ಟಿರಲಿಲ್ಲ, ಆಗಲೇ ಕಾಲು ಕಿಲೋ ತಿಂದಿತ್ತು.

ಅರೆದದ್ದು ಅಡುಗೆಮನೆಯ ಮಿಕ್ಸಿಯಲ್ಲಿ, ಹೆಂಡತಿ ಸಂತೆಗೆ ಹೋದ ಸಮಯ ನೋಡಿಕೊಂಡು. ಮುಚ್ಚಳ ತೆಗೆದು, ಘಾಟು ಹೇಗಿದೆ ನೋಡೋಣ ಎಂದು ಮುಖ ಒಡ್ಡಿದೆ. ಕಷಾಯ ಕುದಿಸಬೇಕೆಂದೂ ಬರೆದಿತ್ತು, ಕುದಿಸಿದೆ. ಕುದಿದ ಆವಿ ಅಡುಗೆಮನೆ ತುಂಬಿ, ಹಾಲ್ ತುಂಬಿ, ಮೆಟ್ಟಿಲಿಳಿದು ಓನರ್ ಮನೆ ಹೊಕ್ಕಿತು. ಡಿಆರ್‌ಡಿಓದವರು ವರ್ಷಗಟ್ಟಲೆ ಶ್ರಮಪಟ್ಟದ್ದನ್ನು ನಾನು ಒಂದು ಕುಕ್ಕರಿನಲ್ಲಿ ಸಾಧಿಸಿದ್ದೆ. ಹೆಂಡತಿ ಚೀಲ ಹಿಡಿದು ಬರುವ ಹೊತ್ತಿಗೆ ನಾನು, ಓನರ್, ಓನರ್ ಆಂಟಿ, ಇಸ್ತ್ರಿಯ ಬಟ್ಟೆ ಕೊಡಲು ಬಂದ ಹುಡುಗ, ಎಲ್ಲರೂ ಬೀದಿಯಲ್ಲಿ ನಿಂತು ಸರದಿಯ ಮೇಲೆ ಕೆಮ್ಮುತ್ತಿದ್ದೆವು. ಮಿಕ್ಸಿ ಜಾರನ್ನು ನಾನು ಮೂರು ಸಲ ತೊಳೆದೆ, ನೀರಿನಲ್ಲಿ. ಮಾರನೇ ದಿನ ಮಗಳು ಸಪೋಟ ಮಿಲ್ಕ್‌ಶೇಕ್ ಮಾಡಿಕೊಂಡಳು. ಆ ಮಗು ಈಗಲೂ ಸಪೋಟ ಮುಟ್ಟುವುದಿಲ್ಲ.

ಆಯಿಗೆ ಫೋನಿನಲ್ಲಿ ಇದೆಲ್ಲ ಹೇಳಿಕೊಂಡೆ. "ಎಂತಕ್ಕೆ ಬೇಕಾಗಿತ್ತು ತಮಾ?" ಎಂದಳು. ಊರ ಹಿತ್ತಲಲ್ಲಿ ಬಾವಿಕಟ್ಟೆಯ ಸಂದಿಯಲ್ಲಿ, ಕೊಟ್ಟಿಗೆಯ ಗೋಡೆಯಲ್ಲಿ, ಸಗಣಿಗುಂಡಿಯ ಬದಿಯಲ್ಲಿ ಸೂಜಿಮೆಣಸು ತಾನಾಗಿ ಹುಟ್ಟಿ ವರ್ಷವಿಡೀ ಕಾಯಿ ಬಿಡುತ್ತದೆ, ಅದಕ್ಕೆ ಯಾರೂ ದೀಪ ಹಚ್ಚಿಲ್ಲ ಎಂಬುದು ಅವಳ ವಾದ. ವಾದ ಸರಿ. ಅಲ್ಲಿ ಬಿತ್ತನೆ ಮಾಡುವುದು ಪಿಕಳಾರ ಹಕ್ಕಿ. ಹಕ್ಕಿಗಳಿಗೂ ಆ ಟಿಆರ್‌ಪಿವಿ1 ಗ್ರಾಹಕ ಇದೆ, ಆದರೆ ಕ್ಯಾಪ್ಸೈಸಿನ್ ತಟ್ಟಿದರೆ ಅದು ಬಾಗಿಲು ತೆರೆಯುವುದಿಲ್ಲ. ಎಷ್ಟು ನುಂಗಿದರೂ ಅವಕ್ಕೆ ಖಾರವೇ ಇಲ್ಲ. ಜಗಿದು ಬೀಜ ಹಾಳುಮಾಡುವ ಇಲಿಯಂಥ ಪ್ರಾಣಿಗಳನ್ನು ಅಟ್ಟಿ, ಬೀಜವನ್ನು ಇಡಿಯಾಗಿ ಹೊತ್ತೊಯ್ಯುವ ಹಕ್ಕಿಯನ್ನು ಕರೆಯಲೆಂದೇ ಗಿಡ ಖಾರ ಇಟ್ಟುಕೊಂಡಿದೆ. ಈ ಏರ್ಪಾಟಿನಲ್ಲಿ ಮನುಷ್ಯನಿಗೆ, ಅದರಲ್ಲೂ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಮನುಷ್ಯನಿಗೆ, ಯಾವ ಜವಾಬ್ದಾರಿಯನ್ನೂ ವಹಿಸಿಲ್ಲ.

ಇಷ್ಟಾದರೂ ಗಿಡ ಬದುಕಿತು. ಕಷಾಯಕ್ಕೋ, ಜೂನಿನ ಮಳೆಗೋ, ನಾನು ಆಫೀಸಿನ ಕೆಲಸದ ಮೇಲೆ ಎರಡು ವಾರ ಪುಣೆಗೆ ಹೋಗಿ ಅದರ ತಂಟೆಗೆ ಹೋಗದೆ ಇದ್ದದ್ದಕ್ಕೋ, ಚಿಗುರು ನೆಟ್ಟಗಾಯಿತು. ತಲೆತಗ್ಗಿಸಿದ ಸಣ್ಣ ಬಿಳಿ ಹೂಗಳು ಬಂದವು. ಬಂದಷ್ಟೂ ಉದುರಿದವು. ಗಾಳಿ ಸಾಲದೆಂದು ನಾನು ಬೆಳಿಗ್ಗೆ ಆರಕ್ಕೆ ಮಗಳ ಬಣ್ಣದ ಕುಂಚ ಹಿಡಿದು ಒಂದೊಂದು ಹೂವಿನ ಒಳಗೂ ಕಚಗುಳಿಯಿಟ್ಟೆ. ಪಕ್ಕದ ತಾರಸಿಯಲ್ಲಿ ಯೋಗ ಮಾಡುತ್ತಿದ್ದವರು ಶವಾಸನದಿಂದ ಎದ್ದು ಕೂತು ನೋಡಿದರು. ಕಡೆಗೂ ಒಂದು ಹೂವು ಕಚ್ಚಿಕೊಂಡಿತು, ಕಾಯಿಯಾಯಿತು. ಆ ಕಾಯಿಗೆ ಸೊಳ್ಳೆ ಪರದೆಯ ತುಂಡಿನಲ್ಲಿ ಚೀಲ ಹೊಲಿದು ಹಾಕಿದೆ. ಮಳೆ ತಾಗದಿರಲೆಂದು ಹಳೆಯ ಕೊಡೆ ಕಟ್ಟಿದೆ. ಗಿಡ ಬಾಗದಿರಲೆಂದು ಕ್ರಿಕೆಟ್ ಸ್ಟಂಪು ಊರಿದೆ. ಹಸಿರು ಹೋಗಿ ಕಿತ್ತಳೆಯಾಗಿ, ಕೆಂಪಿಗೆ ತಿರುಗುವ ಹೊತ್ತಿಗೆ ಶ್ರಾವಣ ಹತ್ತಿರ ಬಂತು. ಪಂಚಮಿಗೆ ಮಗಳನ್ನು ಕರೆದೊಯ್ಯಲು ಮಾವನವರು ರೈಲು ಹತ್ತಿದರು.

ಚೀಲ ಇಳಿಸಿ ಚಹಾ ಕುಡಿದದ್ದೇ, ಅವರನ್ನು ತಾರಸಿಗೆ ಕರೆದುಕೊಂಡು ಹೋದೆ. ಕೊಡೆ, ಪರದೆ, ಸ್ಟಂಪು, ಬುಡಕ್ಕೆ ಸುತ್ತಿದ ಗೋಣಿತಾಟು ಎಲ್ಲವನ್ನೂ ಅವರು ಸುತ್ತು ಬಂದು ನೋಡಿದರು.

"ಇದೇನ್ರಿ ಅಳಿಯಾರ, ಮೆಣಸಿನಕಾಯಿ ಗಿಡಾನೋ, ಹಸಿ ಬಾಳಂತೀನೋ?"

ಪರದೆ ಬಿಚ್ಚಿ ಕಾಯಿ ಕಿತ್ತು ಅವರ ಅಂಗೈಯಲ್ಲಿಟ್ಟೆ. ತೊಟ್ಟು ತಿರುಗಿಸಿದರು, ಬೆಳಕಿಗೆ ಹಿಡಿದರು, ಕಿವಿಯ ಹತ್ತಿರ ತಂದು ಅಲುಗಿಸಿದರು. "ಬಣ್ಣ ಇಲ್ಲ. ತೂಕ ಇಲ್ಲ. ಮಾರ್ಕೆಟ್‌ನಾಗ ಇದನ್ನ ಯಾರೂ ಕಣ್ಣೆತ್ತಿ ನೋಡಂಗಿಲ್ಲ."

"ಖಾರ ನೋಡಿ ಮಾವ. ಜಗತ್ತಿನಲ್ಲೇ..."

"ಊಟಕ್ಕ ತಗೊಂಬರ್ರಿ. ನೋಡೋಣು."

ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಊರಿಂದ ಬಂದ ಶೇಂಗಾ ಚಟ್ನಿ. ನಾನು ಎಷ್ಟು ಹೇಳಿದರೂ ಕೇಳದೆ ಅವರು ಕಾಯಿಯ ಅರ್ಧವನ್ನು ಉಪ್ಪಿನ ಹರಳಿನ ಜೊತೆ ಕೈಯಲ್ಲೇ ಹಿಸುಕಿ, ಎಣ್ಣೆ ಹಾಕಿಕೊಂಡು, ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟರು. ಜಗಿದರು. ನಾನು ಉಸಿರು ಹಿಡಿದೆ. ಹೆಂಡತಿ ಅಪ್ಪನ ಮುಖವನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

"ಹ್ಞೂಂ," ಎಂದರು ಮಾವನವರು. "ಐತಿ ಸ್ವಲ್ಪ."

"ನೋಡಿದ್ರೇನ್ರಿ ನಮ್ಮಪ್ಪನ್ನ!" ಎಂದಳು ಹೆಂಡತಿ. ಎಂಟು ತಿಂಗಳ ಕೃಷಿ 'ಸ್ವಲ್ಪ'ದಲ್ಲಿ ಮುಗಿಯಿತು. ನಾನು ಮೊಸರನ್ನಕ್ಕೆ ಕೈ ಹಾಕಿದೆ. ಮಾವನವರು ಎಣ್ಣೆಗಾಯಿ ಮುಟ್ಟಲಿಲ್ಲ. ಎದ್ದರು. "ಗಾಳಿ ತಗೊಂಡು ಬರತೇನಿ" ಎಂದು, ಕೈ ತೊಳೆಯುವುದನ್ನೂ ಮರೆತು ಮೆಟ್ಟಿಲು ಹತ್ತಿದರು. ಅವರ ಕಿವಿಗಳ ಬಣ್ಣ ಮಾತ್ರ ಯಾವ ಡಬ್ಬಿ ಮೆಣಸಿನಕಾಯಿಗೂ ಕಡಿಮೆ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡಿದೆ. ನೀರಿನ ಟ್ಯಾಂಕಿನ ಹಿಂದೆ, ಹಿಂಡಿಯ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ರುಮಾಲು ಕೊರಳಿಗೆ ಇಳಿದಿತ್ತು. ನಾಲಿಗೆ ಹೊರಗಿತ್ತು. ಒಂದು ಕೈಯಲ್ಲಿ ನಳದ ತಿರುಪು.

"ನೀರು ಬೇಡ ಮಾವ! ನೀರು ಕುಡಿದರೆ ಹರಡುತ್ತೆ! ಕಣ್ಣು ಮುಟ್ಟಬೇಡಿ! ಎಲ್ಲೂ ಮುಟ್ಟಬೇಡಿ!" ಎಂದೆ. ಈ ಒಂದು ವಿದ್ಯೆಯಲ್ಲಿ ನಾನು ಅವರಿಗಿಂತ ಹಿರಿಯ.

ನಮ್ಮ ಅಡುಗೆಮನೆಗೆ ಹೋದರೆ ಹೆಂಡತಿಗೆ ಗೊತ್ತಾಗುತ್ತದೆ. ಓನರ್ ಆಂಟಿಯ ಬಾಗಿಲು ತಟ್ಟಿ ಮಜ್ಜಿಗೆ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ, ತಂಬಿಗೆಯ ತುಂಬ ಗಟ್ಟಿ ಮೊಸರನ್ನೇ ಕೊಟ್ಟರು. ಮಾವನವರು ಅರ್ಧ ಕುಡಿದು, ಅರ್ಧವನ್ನು ಬಾಯಲ್ಲಿಟ್ಟುಕೊಂಡು ಕೂತರು. ಮಾತು ಬರಲು ಬಹಳ ಹೊತ್ತು ಬೇಕಾಯಿತು.

"ಖರೇ ಹೇಳತೇನಿ ಅಳಿಯಾರ. ನನಗ ಮೊದಲಿಂದನೂ ಖಾರ ಆಗಂಗಿಲ್ಲ. ಹೊಟ್ಟಿ ಉರೀತೈತಿ. ಮೆಣಸಿನಕಾಯಿ ಬೆಳ್ಯಾವ ಖಾರ ತಿನ್ನಂಗಿಲ್ಲ ಅಂದ್ರ ಮಂದಿ ಏನಂದಾರು? ಅದಕ್ಕ ನಿಮ್ಮತ್ತಿ ನನಗೂ ಸಾರು ಬ್ಯಾರೇನ ತೆಗದಿಡತಾಳ."

"ನನ್ನ ಬೋಗುಣಿಯಲ್ಲಿ?"

"ನೀವು ಬಂದ ಮ್ಯಾಲೆ ಬಾಳ ಅನುಕೂಲ ಆತು ನೋಡ್ರಿ. ಅಲ್ಲಿ ತನಕಾ ಆಕಿ ಮಂದಿಗೆ ಕೇಳದಂಗ ಹೆಂಗೆಂಗೋ ಮಾಡತಿದ್ಲು."

ಇನ್ನೂ ಕೇಳಬೇಕೆಂದಿದ್ದೆ. ಮೆಟ್ಟಿಲ ಮೇಲೆ ಗೆಜ್ಜೆಯ ಸದ್ದಾಯಿತು. ಮಾವನವರು ಆ ವಯಸ್ಸಿಗೆ ಮೀರಿದ ಚುರುಕಿನಿಂದ ತಂಬಿಗೆಯನ್ನು ಟ್ಯಾಂಕಿನ ಹಿಂದೆ ತಳ್ಳಿ, ಎದ್ದು, ಗಿಡದ ಮೇಲೆ ಬಗ್ಗಿದರು. ನಾನೂ ಪಕ್ಕದಲ್ಲಿ ಬಗ್ಗಿದೆ. ಇಬ್ಬರೂ ಒಂದೇ ಎಲೆಯನ್ನು ಹಿಡಿದೆವು.

"ಏನ್ ಮಾಡಾಕತ್ತೀರಿ ಇಬ್ಬರೂ?"

"ಥ್ರಿಪ್ಸ್ ನೋಡಾಕತ್ತೇವವ್ವ," ಎಂದರು ಮಾವನವರು, ತಲೆಯೆತ್ತದೆ.

"ಕಣ್ಣಾಗ ನೀರ್ ಯಾಕಪ್ಪಾ?"

"ಅಳಿಯಾರು ಬೇವಿನೆಣ್ಣಿ ಬಾಳ ಹೊಡದಾರ. ಘಾಟು."

ಹೆಂಡತಿ ಗಿಡ ನೋಡಿದಳು, ಅಪ್ಪನ ಮೀಸೆಗೆ ಮೆತ್ತಿದ್ದ ಮೊಸರು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಬೇವಿನೆಣ್ಣಿ ತೀರಿ ತಿಂಗಳಾತಲ್ರೀ?"